ಶಿವಮೊಗ್ಗದಲ್ಲಿ ಕುಡಿದು ಬಿದ್ದವರಿಗೆ ಪಾಲಿಕೆ ಒಂದು ಕೇಂದ್ರ ಮಾಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹೊರದೇಶಗಳಲ್ಲಿ ಕುಡಿದು ಬಿದ್ದವರನ್ನು ನಶೆ ಇಳಿಯುವ ತನಕ ನೋಡಿಕೊಳ್ಳುವ ಕೇಂದ್ರಗಳಿವೆಯಂತೆ, ಶಿವಮೊಗ್ಗ ಪಾಲಿಕೆಯೂ ಅಂಥದ್ದು ಮಾಡಬೇಕಾ, ಅದು ತೆರಿಗೆ ದುಡ್ಡು ದಂಡ ಮಾಡಿದಂತೆ ಅಲ್ವಾ?

ದಂಡ ಖಂಡಿತ ಅಲ್ಲ. ಮಾಡಲೇಬೇಕು ಅನ್ನುವವಳು ನಾನು. ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಸ್ಟಾಫ್ ನರ್ಸ್ ಆಗಿ ನೈಟ್ ಡ್ಯೂಟಿ ಮಾಡಿದ್ದೇನೆ. ಇಂಥ ಕೇಂದ್ರಕ್ಕೆ ಮೊದಲು ಬೇಕಾದದ್ದು ರಾತ್ರಿಯಿಡೀ ಎದ್ದಿರುವ, ಕೆಲಸ ಗೊತ್ತಿರುವ ಒಬ್ಬ ನರ್ಸ್. ಕಟ್ಟಡ, ಬೋರ್ಡು, ಉದ್ಘಾಟನೆ ಎಲ್ಲಾ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಅಡಿಕೆ ಕೊಯ್ಲಿನ ಕಾಲದಲ್ಲಿ ವಾರದ ಬಟವಾಡೆ ಆದ ರಾತ್ರಿ ಕ್ಯಾಶುವಾಲಿಟಿ ತುಂಬಿರುತ್ತದೆ. ಬಾಯಿಂದ ವಾಸನೆ ಬಂದರೆ ಸಾಕು, ಕರೆತಂದವರು ‘ಏನಿಲ್ಲ ಸಿಸ್ಟರ್, ಜಾಸ್ತಿ ಹಾಕಿದಾನೆ, ಮಲಗಿದ್ರೆ ಸರಿಹೋಗ್ತಾನೆ’ ಅಂದುಬಿಡುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಬೈಕಿನಿಂದ ಬಿದ್ದು ತಲೆಯೊಳಗೆ ರಕ್ತ ಸೋರುತ್ತಿರುವವನೂ ಹಾಗೇ ತೊದಲುತ್ತಾನೆ. ಶುಗರ್ ಇಳಿದವನೂ ಹಾಗೇ ತೂರಾಡುತ್ತಾನೆ. ಒಂದು ರಾತ್ರಿ ಅಡಿಕೆ ಮರ ಹತ್ತಿ ಗೊನೆ ಇಳಿಸುವ ಒಬ್ಬ ಕೊನೆಗಾರನನ್ನು ಹೀಗೇ ತಂದು ಮಲಗಿಸಿದರು. ಅಂಗಿ ಇಬ್ಬನಿಗೆ ಒದ್ದೆಯಾಗಿತ್ತು, ಸೊಂಟಕ್ಕೆ ಕಟ್ಟಿದ್ದ ಕತ್ತಿ ಕೊಕ್ಕೆಯನ್ನೂ ಬಿಚ್ಚಿರಲಿಲ್ಲ. ಎದೆ ಮೂಳೆಯ ಮೇಲೆ ಬೆರಳ ಗೆಣ್ಣಿನಿಂದ ಜೋರಾಗಿ ಉಜ್ಜಿದರೆ ಬರೀ ಕುಡಿದವನು ಸಾಮಾನ್ಯವಾಗಿ ಕೊಸರಾಡಿ ಬೈಯುತ್ತಾನೆ. ಇವನು ಅಲ್ಲಾಡಲಿಲ್ಲ. ಬೆರಳು ಚುಚ್ಚಿ ನೋಡಿದರೆ ಶುಗರ್ 40ಕ್ಕಿಂತ ಕೆಳಗೆ. ಹಸಿದ ಹೊಟ್ಟೆಯಲ್ಲಿ ಕುಡಿದರೆ ಹೀಗಾಗುತ್ತದೆ. ಥಯಾಮಿನ್ (ಬಿ1 ವಿಟಮಿನ್) ಕೊಟ್ಟು ಗ್ಲೂಕೋಸ್ ಏರಿಸಿದೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಹೆಂಡತಿಯನ್ನು ಕರೆದ. ಬಸ್ ಸ್ಟ್ಯಾಂಡಿನ ಬೆಂಚಿನಲ್ಲೇ ಬಿಟ್ಟಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ.

ನೀವು ಕೇಳಿದ ಹೊರದೇಶದ ಕೇಂದ್ರಗಳು ಹೊಸದೇನಲ್ಲ. ಪ್ರಾಗ್ ನಗರದಲ್ಲಿ 1951ರಲ್ಲೇ ಒಂದು ಶುರುವಾಯಿತು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2003ರಲ್ಲಿ, ಹ್ಯೂಸ್ಟನ್‌ನಲ್ಲಿ 2013ರಲ್ಲಿ ತೆರೆದರು. ಕುಡಿದವರನ್ನು ಜೈಲಿಗೂ ಹಾಕದೆ, ತುರ್ತು ವಾರ್ಡಿನ ಮಂಚವನ್ನೂ ತುಂಬಿಸದೆ ನೋಡಿಕೊಳ್ಳುವುದೇ ಅವುಗಳ ಉದ್ದೇಶ.

ನಮ್ಮಲ್ಲೂ ಕಾನೂನಿನ ಬೆಂಬಲ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ತೊಂದರೆಗಳನ್ನೂ ಕಾಯಿಲೆ ಎಂದೇ ಲೆಕ್ಕ ಹಾಕುತ್ತದೆ. ಮಾನಸಿಕ ಕಾಯಿಲೆಯಿಂದ ದಿಕ್ಕಿಲ್ಲದೆ ಅಲೆಯುತ್ತಿರುವವರನ್ನು ಪೊಲೀಸರು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್‌ಗೆ ಹಾಕುವ ಹಾಗೇ ಇಲ್ಲ. ಆದರೆ ಮಧ್ಯರಾತ್ರಿ ಎಲ್ಲಿಗೆ ಕರೆದುಕೊಂಡು ಹೋಗಬೇಕು ಅನ್ನುವುದೇ ಬೀಟ್ ಪೊಲೀಸರ ಕಷ್ಟ.

ಜಾಗ ಎಲ್ಲಿ ಅಂದರೆ, ಊರಿನ ದೊಡ್ಡ ಸರ್ಕಾರಿ ಆಸ್ಪತ್ರೆಯಾದ ಮೆಗ್ಗಾನ್ ಆಸ್ಪತ್ರೆಯ ಆವರಣದಲ್ಲೇ ಅಥವಾ ಪಕ್ಕದಲ್ಲೇ ಇರಬೇಕು. ಊರಾಚೆ ಜಾಗ ಅಗ್ಗ ಅಂತ ಅಲ್ಲಿ ಕಟ್ಟಿದರೆ ಫಿಟ್ಸ್ ಬಂದವನನ್ನು ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೊತ್ತು ಮೀರುತ್ತದೆ. ದಿನಾ ಕುಡಿಯುವವನು ತಟ್ಟನೆ ನಿಲ್ಲಿಸಿದರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನ ಕೈಕಾಲು ನಡುಗಿ, ಇಲ್ಲದ್ದೆಲ್ಲ ಕಾಣಲು ಶುರುವಾಗಬಹುದು. ಮನೆಯವರು ಇದನ್ನು ದೆವ್ವ ಅಂದುಕೊಂಡು ಎಲ್ಲೆಲ್ಲಿಗೋ ಕರೆದೊಯ್ಯುವುದನ್ನು ನೋಡಿ ನನಗೆ ಹೊಟ್ಟೆ ಉರಿದಿದೆ. ಸರಿಯಾದ ಮದ್ದು ಸಿಗದಿದ್ದರೆ ಜೀವವೇ ಹೋಗಬಹುದು. ಹಾಗಾಗಿ ಬೆಳಿಗ್ಗೆ ಸುಮ್ನೆ ಕಳಿಸಿಬಿಡುವ ಕೇಂದ್ರ ಬೇಡ. ಅಲ್ಲಿಂದಲೇ ಮನೋರೋಗ ವಿಭಾಗಕ್ಕೆ ದಾರಿ ಇರಬೇಕು. ಹಳ್ಳಿಯವರಾದರೆ ಅವರ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಕ್ಲಿನಿಕ್‌ಗೆ ಚೀಟಿ ಬರೆದು ಕೊಡಬೇಕು.

ಇನ್ನೊಂದು. ಈ ಬಾಗಿಲು ಕುಡಿದವರಿಗೆ ಮಾತ್ರ ಇರಬಾರದು. ಗಂಡನ ಏಟು ತಾಳಲಾರದೆ ಮಗುವನ್ನೆತ್ತಿಕೊಂಡು ಓಡಿ ಬಂದವಳಿಗೆ, ಬದುಕೇ ಬೇಡ ಅನ್ನಿಸಿದ ಹುಡುಗನಿಗೆ ಅದೇ ಕೇಂದ್ರದಲ್ಲಿ ಬೇರೆ ಕೋಣೆ, ಮಾತಾಡಿಸಲು ಒಬ್ಬ ಆಪ್ತಸಮಾಲೋಚಕಿ ಬೇಕು. ಹೆಂಗಸರ ಕಡೆಗೆ ಬೇರೆ ಬಾಗಿಲೇ ಇರಲಿ.

ದುಡ್ಡಿನ ಮಾತು. ಜಾಗ, ನೀರು, ಹಾಸಿಗೆ, ಸ್ವಚ್ಛತೆ ಪಾಲಿಕೆಯ ಕೈಯಲ್ಲಿ ಆಗುವಂಥವು. ನರ್ಸ್, ಔಷಧಿ ಆರೋಗ್ಯ ಇಲಾಖೆ ಕೊಡಬೇಕು. ಅಬಕಾರಿಯಿಂದ ರಾಜ್ಯಕ್ಕೆ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಬರುತ್ತದೆ. ಕುಡಿದವರಿಂದಲೇ ಬಂದ ಆ ದುಡ್ಡಿನಲ್ಲಿ ಒಂದು ಚೂರು ಕೇಳುವುದು ತಪ್ಪಾ? ಆರೆಂಟು ಹಾಸಿಗೆಯಿಂದ ಶುರು ಮಾಡಲಿ, ಸಾಕು. ಆದರೆ ನೈಟ್ ಶಿಫ್ಟಿಗೆ ಖಾಯಂ ನರ್ಸ್ ಹಾಕದೆ ವಾಚ್‌ಮನ್ ಒಬ್ಬನನ್ನು ಕೂರಿಸುವುದಾದರೆ ಬೇಡವೇ ಬೇಡ. ಆಗ ಅದು ಬೀಗ ಹಾಕಿದ ಇನ್ನೊಂದು ಕೋಣೆ ಅಷ್ಟೇ.

ಪಾಲಿಕೆ ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಲಹೆ ಕೇಳಿದಾಗ ನೀವೂ ಇದನ್ನು ಬರೆದು ಕೊಡಿ. ಅಷ್ಟರೊಳಗೆ ಯಾರಾದರೂ ರಸ್ತೆ ಬದಿಯಲ್ಲಿ ಬಿದ್ದಿದ್ದು ಕಂಡರೆ ಅಂಗಾತ ಬಿಡಬೇಡಿ, ವಾಂತಿ ಗಂಟಲಿಗೆ ಸಿಕ್ಕೀತು. ಮಗ್ಗುಲಾಗಿ ಮಲಗಿಸಿ, ಕೂಗಿ ಎಬ್ಬಿಸಿ ನೋಡಿ. ಏಳದಿದ್ದರೆ 108ಕ್ಕೆ ಫೋನ್ ಮಾಡಿ. ಮನಸ್ಸಿನ ಸಂಕಟ ಆದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.