ಅಹವಾಲು ಸಭೆಗೆ 45 ದಿನ, ಪೋಡಿಗೆ ಎಷ್ಟು?

ಚಳ್ಳಕೆರೆ ಕಡೆಯ ಓದುಗರೊಬ್ಬರು ಬರೆದಿದ್ದಾರೆ: “ಪಾವಗಡದಂಥ ಸೋಲಾರ್ ಪಾರ್ಕ್ ಇನ್ನೂ ಹತ್ತು ಬೇಕು. ಪರಿಸರ ಅನುಮತಿ, ಅಹವಾಲು ಸಭೆ ಎಲ್ಲ ತೆಗೆದುಹಾಕಿ, ಏಕಗವಾಕ್ಷಿಯಲ್ಲಿ 30 ದಿನದೊಳಗೆ ಒಪ್ಪಿಗೆ ಕೊಡಲಿ.”

ಮಾನ್ಯರೇ, ಪಾರ್ಕ್‌ಗಳು ಬೇಕು ಎಂಬ ನಿಮ್ಮ ಮಾತಿಗೆ ನಮ್ಮ ಪೂರ್ತಿ ಸಹಮತವಿದೆ. ಆದರೆ ನೀವು ತೆಗೆಯಿರಿ ಎನ್ನುವ ಸಭೆ, ಅಂದರೆ ಯೋಜನೆಗೆ ಮುನ್ನ ಊರವರ ಮಾತು ಕೇಳುವ ಸಭೆ, ಅಲ್ಲಿ ಇಲ್ಲವೇ ಇಲ್ಲ. ಪರಿಸರ ಅನುಮತಿ ಬೇಕಾದ ಯೋಜನೆಗಳನ್ನು ಹೆಸರಿಸುವ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಸೋಲಾರ್ ಫಲಕವೂ ಇಲ್ಲ, ಗಾಳಿಯಂತ್ರವೂ ಇಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಹಾಗಾಗಿ 2013ರ ಭೂಸ್ವಾಧೀನ ಕಾಯ್ದೆ ಹೇಳುವ ಸಾಮಾಜಿಕ ಪರಿಣಾಮದ ಅಧ್ಯಯನವೂ ಬೇಕಾಗಲಿಲ್ಲ.

ಹಾಗಾದರೆ ತಡವಾಗುವುದು ಎಲ್ಲಿ? ಪಹಣಿಯಲ್ಲಿ. ಹನ್ನೆರಡು ಎಕರೆಯ ಒಂದು ಸರ್ವೆ ನಂಬರ್ ಇದೆ ಅಂದುಕೊಳ್ಳಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗಿಲ್ಲ. ಮೂರು ಮನೆಯವರು ಬಾಯಿಮಾತಿನಲ್ಲೇ ಹಂಚಿಕೊಂಡು ಉಳುತ್ತಿದ್ದಾರೆ, ಪಾಲುಗಳನ್ನು ಅಳೆದು ಬೇರೆ ಬೇರೆ ನಂಬರ್ ಮಾಡುವ ಪೋಡಿಯೂ ಆಗಿಲ್ಲ. ಊರು ಬಿಟ್ಟುಹೋದ ಒಬ್ಬ ಹಕ್ಕುದಾರ ಸಹಿ ಹಾಕದಿದ್ದರೆ ಇಡೀ ನಂಬರಿನ ಗುತ್ತಿಗೆ ಪತ್ರ ನಿಂತುಹೋಗುತ್ತದೆ. ಅದು ಪರಿಶಿಷ್ಟರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನು ಕೈಬದಲಾಗುವುದನ್ನು (ಪರಭಾರೆ) ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಅದರ ಪ್ರಕಾರ ಗುತ್ತಿಗೆಯೂ ಪರಭಾರೆಯೇ, ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾಡಿದ ಕರಾರು ಮುಂದೆ ಅನೂರ್ಜಿತವಾಗಬಹುದು. ಏಕಗವಾಕ್ಷಿ ಇದ್ದರೂ ಈ ಕಡತಗಳು ತಾಲ್ಲೂಕು ಕಚೇರಿಯಲ್ಲೇ ಕೂರುತ್ತವೆ.

ಅಹವಾಲು ಸಭೆ ಕಡ್ಡಾಯವಿರುವ ಯೋಜನೆಗಳಲ್ಲೂ ಅಧಿಸೂಚನೆ ಅದಕ್ಕೆ ಇಟ್ಟಿರುವ ಗಡುವು 45 ದಿನ. ಅದರಲ್ಲಿ 30 ದಿನ ಜನರಿಗೆ ಮುಂಚಿತವಾಗಿ ತಿಳಿಸಲು ಹೋಗುತ್ತದೆ. ಅಷ್ಟನ್ನು ಉಳಿಸಲು ಹೋಗಿ ಏನು ಕಳೆದುಕೊಳ್ಳುತ್ತೇವೆ ಎಂಬುದಕ್ಕೂ ಪಾವಗಡವೇ ಸಾಕ್ಷಿ. ಜಮೀನು ಕೈಬಿಡದೆ ಬಾಡಿಗೆ ಸಿಗುವ ಏರ್ಪಾಡು ಒಳ್ಳೆಯದೇ, ರೈತರು ಒಪ್ಪಿದ್ದೂ ಅದಕ್ಕೇ. ಎಕರೆಗೆ ವರ್ಷಕ್ಕೆ ₹21,000, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ, 28 ವರ್ಷ. ಲೆಕ್ಕ ಹಾಕಿ ನೋಡಿ: 27ನೇ ವರ್ಷದಲ್ಲಿ ಕೈಗೆ ಬರುವುದು ₹39,600ರ ಆಸುಪಾಸು. ವರ್ಷಕ್ಕೆ ಎರಡೂವರೆ ಪರ್ಸೆಂಟ್ ಏರಿಕೆ ಬೆಲೆಯೇರಿಕೆಯ ಜತೆ ಓಡಲಾರದು. ಮುಕ್ತ ಸಭೆಯಲ್ಲಿ ಮೊದಲು ಏಳಬೇಕಿದ್ದ ಪ್ರಶ್ನೆ ಇದು. ಪಹಣಿ ಇಲ್ಲದವರ ಪಾಡು ಇನ್ನೂ ಕಷ್ಟ. ಕಳೆ ಕೀಳುತ್ತಿದ್ದ ಕೂಲಿ ಹೆಂಗಸರು, ಕುರಿ ಮೇಯಿಸುವವರು, ಸರ್ಕಾರಿ ಜಮೀನನ್ನು ಹಕ್ಕುಪತ್ರವಿಲ್ಲದೆ ಉಳುವ ಬಗರ್ ಹುಕುಂ ಸಾಗುವಳಿದಾರರು ಬಾಡಿಗೆಯ ಲೆಕ್ಕಕ್ಕೇ ಬರುವುದಿಲ್ಲ.

ರಾಜಕೀಯದ ಲಾಭ-ನಷ್ಟದ ಲೆಕ್ಕ ಇರುವುದು ಇಲ್ಲೇ. ನಿಯಮ ತೆಗೆಯಲು ಒಂದು ಆದೇಶ ಸಾಕು, ನೋವು ತಟ್ಟುವುದು ದನಿಯಿಲ್ಲದವರಿಗೆ. ಪೋಡಿ ಮಾಡಿಸಲು ಸರ್ವೇಯರ್‌ಗಳು ಬೇಕು, ಹಣ ಬೇಕು, ಫಲ ಕಾಣುವಷ್ಟರಲ್ಲಿ ಚುನಾವಣೆ ಬಂದಿರುತ್ತದೆ.

ನಮ್ಮ ಅಭಿಪ್ರಾಯ ಸ್ಪಷ್ಟ. ಟೆಂಡರ್ ಕರೆಯುವ ಮೊದಲೇ ಆಯ್ದ ಹಳ್ಳಿಗಳಲ್ಲಿ ಪೌತಿ ಖಾತೆ ಅದಾಲತ್ ನಡೆಸಿ ಪೋಡಿ ಮುಗಿಸಲಿ. ಆ ಕೆಲಸ ನಡೆಯುವಾಗಲೇ ಅಹವಾಲು ಸಭೆಯೂ ಆಗಲಿ, ಒಂದು ದಿನವೂ ಹೆಚ್ಚು ಹಿಡಿಯದು. ಕೂಲಿಕಾರರ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲಿ. ವಿದ್ಯುತ್ ಮಾರ್ಗದ ಪರಿಹಾರವನ್ನೂ ಅಲ್ಲೇ ಇತ್ಯರ್ಥ ಮಾಡಲಿ. 2024ರ ಜೂನ್‌ನ ಕೇಂದ್ರ ಮಾರ್ಗಸೂಚಿಯಂತೆ ಗೋಪುರದ ಬುಡದ ಜಾಗಕ್ಕೆ ಭೂಮಿಯ ಬೆಲೆಯ ಶೇ 200, ತಂತಿ ಹಾಯುವ ಪಟ್ಟಿಗೆ ಶೇ 30. ಈ ದರವನ್ನು ಮೊದಲೇ ಲಿಖಿತವಾಗಿ ಕೊಟ್ಟರೆ, ಫಲಕ ಕೂರಿಸಿ ಆದಮೇಲೆ ಗೋಪುರದ ಗುಂಡಿಯ ಹತ್ತಿರ ಜಗಳ ತೆಗೆಯುವವರು ಕಡಿಮೆಯಾಗುತ್ತಾರೆ.

— ಸಂ.