ಓದುಗರ ಪ್ರಶ್ನೆ: ಲೊಮು ಅಷ್ಟು ಬೇಗ ಯಾಕೆ ನಿಂತುಹೋದ?

ಪ್ರಶ್ನೆ: ಜೋನಾ ಲೊಮು ಅನ್ನುವ ನ್ಯೂಜಿಲೆಂಡ್ ರಗ್ಬಿ ಆಟಗಾರನ ಹಳೇ ವಿಡಿಯೋ ನೋಡಿದೆ. ಅಡ್ಡ ಬಂದವನನ್ನು ತುಳಿದುಕೊಂಡೇ ಹೋಗುತ್ತಾನೆ! ಅಂಥ ಗಟ್ಟಿ ಆಳು 27ನೇ ವಯಸ್ಸಿಗೇ ದೇಶದ ಪರ ಆಡೋದು ನಿಂತುಹೋಯಿತಂತೆ. ಯಾಕೆ? (ಪಿಯು ವಿದ್ಯಾರ್ಥಿ, ಹಾಸನ)

ಉತ್ತರ: ನೀವು ನೋಡಿದ್ದು 1995ರ ವಿಶ್ವಕಪ್ ಸೆಮಿಫೈನಲ್ ಇರಬೇಕು. ಕೇಪ್‌ಟೌನಿನಲ್ಲಿ ಇಂಗ್ಲೆಂಡ್ ಜೊತೆ ನಡೆದ ಪಂದ್ಯ. ಅದನ್ನು ಇನ್ನೊಂದು ಸಲ ನಿಧಾನಕ್ಕೆ ನೋಡಿ. ಪಾಸ್ ಅವನ ಕೈಗೆ ನೆಟ್ಟಗೆ ಬರುವುದೇ ಇಲ್ಲ, ಚೆಂಡು ಹಿಂದೆ ಹೋಗುತ್ತದೆ. ತಿರುಗಿ ಅದನ್ನು ಹಿಡಿದು ಇಂಗ್ಲೆಂಡಿನ ಟೋನಿ ಅಂಡರ್‌ವುಡ್‌ನನ್ನು ಬಳಸಿಕೊಂಡು ಓಡುತ್ತಾನೆ. ಹಿಂದಿನಿಂದ ವಿಲ್ ಕಾರ್ಲಿಂಗ್ ಕಾಲಿಗೆ ಕೈ ಹಾಕುತ್ತಾನೆ. ಲೊಮು ಮುಗ್ಗರಿಸುತ್ತಾನೆ. ಬೇರೆ ಯಾರೇ ಆಗಿದ್ದರೂ ಅಲ್ಲೇ ಬೀಳುತ್ತಿದ್ದರು. ಇವನು ಮುಗ್ಗರಿಸಿದ ಆ ವೇಗದಲ್ಲೇ ಎದುರಿಗೆ ನಿಂತಿದ್ದ ಮೈಕ್ ಕ್ಯಾಟ್ ಮೇಲೆ ಹಾದು ಗೆರೆ ದಾಟಿಬಿಡುತ್ತಾನೆ. ಅವತ್ತು ನಾಲ್ಕು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ), ನ್ಯೂಜಿಲೆಂಡಿಗೆ 45-29ರ ಗೆಲುವು. ಹುಡುಗನಿಗೆ ಆಗ ಬರೀ 20 ವರ್ಷ!

ಅದೇ ವರ್ಷದ ಕೊನೆಗೆ ಕಿಡ್ನಿ ಕಾಯಿಲೆ ಇದೆ ಅಂತ ಗೊತ್ತಾಯಿತು. ನೆಫ್ರಾಟಿಕ್ ಸಿಂಡ್ರೋಮ್. ಕಿಡ್ನಿಯ ಜರಡಿ ಸಡಿಲವಾಗಿ ರಕ್ತದಲ್ಲಿರಬೇಕಾದ ಪ್ರೋಟೀನ್ ಮೂತ್ರದಲ್ಲಿ ಸೋರಿಹೋಗುತ್ತದೆ, ಮೈ ಊದಿಕೊಳ್ಳುತ್ತದೆ, ಸುಸ್ತು ಬಿಡುವುದಿಲ್ಲ. ಸುಮ್ನೆ ಯೋಚನೆ ಮಾಡಿ. 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ, 2000ದಲ್ಲಿ ಸಿಡ್ನಿಯಲ್ಲಿ ಲಕ್ಷಕ್ಕೂ ಜಾಸ್ತಿ ಜನರ ಮುಂದೆ ಆಸ್ಟ್ರೇಲಿಯಾವನ್ನು 39-35ರಿಂದ ಸೋಲಿಸಿದ ಕೊನೇ ಗಳಿಗೆಯ ಟ್ರೈ, ಇದೆಲ್ಲ ಆ ಕಾಯಿಲೆ ಇಟ್ಟುಕೊಂಡೇ ಆಡಿದ್ದು. ಅವನ ಬಲದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನನಗೆ ಮಾತ್ರ ಇದೇ ದೊಡ್ಡದು ಅನ್ನಿಸುತ್ತದೆ. ಪೂರ್ತಿ ಆರೋಗ್ಯವಾಗಿದ್ದ ಲೊಮು ಎಷ್ಟು ಆಡುತ್ತಿದ್ದನೋ, ಅದನ್ನು ನೋಡುವ ಭಾಗ್ಯ ನಮಗೆ ಸಿಗಲೇ ಇಲ್ಲ. 2002ರ ನವೆಂಬರಿನಲ್ಲಿ ವೇಲ್ಸ್ ಜೊತೆ ಕೊನೇ ಅಂತರರಾಷ್ಟ್ರೀಯ ಪಂದ್ಯ. ಒಟ್ಟು 63 ಪಂದ್ಯ, 37 ಟ್ರೈ. ಮುಂದಿನ ವರ್ಷ ಡಯಾಲಿಸಿಸ್ ಶುರುವಾಯಿತು.

ಪ್ರಶ್ನೆ: ನನ್ನ ತಮ್ಮನಿಗೆ ಡಯಾಲಿಸಿಸ್ ನಡೆಯುತ್ತಿದೆ. ಕಿಡ್ನಿ ಕಸಿ ಆದ ಮೇಲೂ ಲೊಮು ರಗ್ಬಿ ಆಡಿದ ಅಂತ ಅವನು ಹೇಳುತ್ತಾನೆ. ನಿಜವೇ? (ಓದುಗರು, ದಾವಣಗೆರೆ)

ಉತ್ತರ: ನಿಜ. 2004ರ ಜುಲೈನಲ್ಲಿ ಕಸಿ ಆಯಿತು. ಕಿಡ್ನಿ ಕೊಟ್ಟವರು ವೆಲ್ಲಿಂಗ್ಟನ್ನಿನ ರೇಡಿಯೋ ನಿರೂಪಕ ಗ್ರಾಂಟ್ ಕೆರೆಯಾಮಾ. ರಕ್ತಸಂಬಂಧವೇನೂ ಇಲ್ಲ. 2005ರ ಡಿಸೆಂಬರಿಗೆ ಲೊಮು ವೇಲ್ಸ್‌ನ ಕಾರ್ಡಿಫ್ ಬ್ಲೂಸ್ ತಂಡದ ಜೆರ್ಸಿ ಹಾಕಿಕೊಂಡು ಮೈದಾನಕ್ಕೆ ಇಳಿದೇಬಿಟ್ಟ. ಹಳೇ ವೇಗ ಇರಲಿಲ್ಲ, 2007ರ ವಿಶ್ವಕಪ್ ಆಡುವ ಆಸೆಯೂ ಕೈಗೂಡಲಿಲ್ಲ.

ಆದರೆ ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಕಸಿ ಮಾಡಿದ ಕಿಡ್ನಿಯನ್ನು ಸಾಮಾನ್ಯವಾಗಿ ಕೆಳಹೊಟ್ಟೆಯಲ್ಲಿ ಇಡುತ್ತಾರೆ, ಅಲ್ಲಿ ಪಕ್ಕೆಲುಬಿನ ರಕ್ಷಣೆ ಇಲ್ಲ. ಅದಕ್ಕೇ ಡಿಕ್ಕಿ ಹೊಡೆಯುವ ಆಟ ಬೇಡ ಅಂತ ಡಾಕ್ಟರು ಹೇಳುವುದು. ನಡಿಗೆ, ಹಗುರ ವ್ಯಾಯಾಮ ಎಷ್ಟು ಮಾಡಬಹುದು ಅಂತ ಅವರನ್ನೇ ಕೇಳಿ. ಗುಳಿಗೆ ಒಂದು ದಿನವೂ ತಪ್ಪಿಸಬಾರದು. ಲೊಮುಗೆ ಹಾಕಿದ ಕಿಡ್ನಿ 2011ರಲ್ಲಿ ಕೈಕೊಟ್ಟಿತು, ಮತ್ತೆ ಡಯಾಲಿಸಿಸ್. 2015ರ ವಿಶ್ವಕಪ್ ಹೊತ್ತಿಗೆ ಇಂಗ್ಲೆಂಡಿಗೂ ಹೋಗಿಬಂದ. ಆ ನವೆಂಬರ್ 18ರಂದು ಆಕ್ಲೆಂಡಿನಲ್ಲಿ ತೀರಿಕೊಂಡ. 40 ವರ್ಷ ಸಾಯುವ ವಯಸ್ಸಲ್ಲ, ಅಲ್ವಾ?

ಪ್ರಶ್ನೆ: ವಿಶ್ವಕಪ್‌ನಲ್ಲಿ ಅತಿ ಹೆಚ್ಚು ಟ್ರೈ ಹೊಡೆದವನು ಲೊಮುನೇ ತಾನೆ? (ಓದುಗರು, ಮಡಿಕೇರಿ)

ಉತ್ತರ: ಹೌದು, ಎರಡೇ ವಿಶ್ವಕಪ್‌ನಲ್ಲಿ 15. 2015ರಲ್ಲಿ ಬ್ರಯಾನ್ ಹಬಾನ ಅದನ್ನು ಸರಿಗಟ್ಟಿದ. ಹಬಾನ ದಕ್ಷಿಣ ಆಫ್ರಿಕಾದವನು. 1995ರ ಫೈನಲ್‌ನಲ್ಲಿ ಲೊಮುನನ್ನು ಕಟ್ಟಿಹಾಕಿ 15-12ಕ್ಕೆ ಕಪ್ ಗೆದ್ದದ್ದೂ ಅದೇ ದೇಶ. ಅವರ ಎದುರು ಅಂತರರಾಷ್ಟ್ರೀಯ ಪಂದ್ಯದಲ್ಲಿ ಲೊಮುಗೆ ಕೊನೇತನಕ ಒಂದು ಟ್ರೈ ಕೂಡ ಸಿಗಲಿಲ್ಲ.