ಮೂರು ಸುತ್ತಿನ ಕುಸ್ತಿ ಒಂದೇ ಸುತ್ತಿಗೆ ಇಳಿದದ್ದು ಯಾಕೆ?

ಎರಡು ಸಂಚಿಕೆ ಹಿಂದೆ ಇದೇ ಅಂಕಣದಲ್ಲಿ ಲೂಚಾ ಲಿಬ್ರೆ, ಅಂದರೆ ಮೆಕ್ಸಿಕೋದ ಮುಖವಾಡದ ಕುಸ್ತಿ ಬಗ್ಗೆ ನಾಲ್ಕು ಸಾಲಿನ ಉತ್ತರ ಕೊಟ್ಟಿದ್ದೆ. ಆಮೇಲೆ ಮುಂಬೈ, ಪುಣೆ, ಗೋವಾ ಕಡೆಯಿಂದ ಅದೇ ವಿಷಯದ ಪತ್ರಗಳು ಬರುತ್ತಲೇ ಇವೆ. ನನಗೂ ಇದು ತುಂಬಾ ಇಷ್ಟದ ವಿಷಯ. ಅದಕ್ಕೇ ಈ ಸಲ ಬೇರೆಲ್ಲ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮಗ ಫೋನಿನಲ್ಲಿ ಲೂಚಾ ಲಿಬ್ರೆ ನೋಡುತ್ತಾನೆ, ಪಕ್ಕದಲ್ಲಿ ನಾನೂ ಕೂರುತ್ತೇನೆ. ಹಳೆಯ ವಿಡಿಯೋಗಳಲ್ಲಿ ಮೂರು ಸುತ್ತು, ನೆಲದ ಮೇಲೆ ನಿಧಾನವಾಗಿ ಪಟ್ಟು ಹಾಕುವುದು, ಬಿಡಿಸಿಕೊಳ್ಳುವುದು. ಈಗಿನದರಲ್ಲಿ ಒಂದೇ ಸುತ್ತು, ಗಂಟೆ ಹೊಡೆದ ಕೂಡಲೇ ಹಾರಾಟ. ಇದು ಜನರಿಗೆ ಮಾಡುವ ಮೋಸ ಅಲ್ವಾ ಸರ್? (ಡೊಂಬಿವಲಿಯ ಓದುಗರು)

ಮೋಸ ಅನ್ನಲಾರೆ. ಆದರೆ ನಿಮ್ಮ ಬೇಸರ ಅರ್ಥವಾಗುತ್ತದೆ.

ಮೊದಲು ಹಳೆಯ ಕಟ್ಟು ಹೇಗಿತ್ತು ನೋಡಿ. 1933ರಲ್ಲಿ ಸಾಲ್ವಡೋರ್ ಲುಟೆರೋಥ್ ಮೆಕ್ಸಿಕೋ ಸಿಟಿಯಲ್ಲಿ ಶುರು ಮಾಡಿದ ಸಂಸ್ಥೆಯೇ ಇವತ್ತಿನ ಸಿಎಂಎಲ್‌ಎಲ್. ಅಲ್ಲಿ ಮೂರರಲ್ಲಿ ಎರಡು ಸುತ್ತು ಗೆದ್ದವನು ಗೆದ್ದಂತೆ, ಸಮಯದ ಮಿತಿ ಇಲ್ಲ. ಆಡುವವರು ಎರಡು ಜಾತಿ: ನಿಯಮಕ್ಕೆ ಬದ್ಧನಾಗಿ ಚೆಂದದ ಪಟ್ಟು ಹಾಕುವ ಟೆಕ್ನಿಕೊ, ನಿಯಮ ಮುರಿದು ಹೊಡೆಯುವ ರೂಡೊ. ಮೊದಲ ಸುತ್ತಿನಲ್ಲಿ ಇಬ್ಬರೂ ನೆಲದ ಮೇಲೆ ಪಟ್ಟು ಹಾಕಿ ಒಬ್ಬರನ್ನೊಬ್ಬರು ಅಳೆಯುತ್ತಾರೆ, ಎಷ್ಟೋ ಸಲ ರೂಡೊ ಏನೋ ಕಿತಾಪತಿ ಮಾಡಿ ಆ ಸುತ್ತು ಹೊಡೆದುಕೊಳ್ಳುತ್ತಾನೆ. ಎರಡನೆಯದರಲ್ಲಿ ಹೊಡೆತ ತಿಂದು ತಿಂದು ಸಾಕಾದ ಟೆಕ್ನಿಕೊ ತಿರುಗಿ ಬೀಳುತ್ತಾನೆ. ಮೂರನೆಯದರಲ್ಲಿ ಹಾರಾಟ, ಹಗ್ಗದಾಚೆಗೆ ಜಿಗಿತ, ತೀರ್ಮಾನ. ಅನ್ಯಾಯ, ಸೇಡು, ಲೆಕ್ಕ ಚುಕ್ತಾ. ಇಷ್ಟು ಸರಳ. ಸುತ್ತು ಮುಗಿದಾಗ ಸಿಗುವ ಒಂದೆರಡು ನಿಮಿಷದ ಬಿಡುವಿನಲ್ಲಿ ಜನ ಬೈದುಕೊಳ್ಳುತ್ತಾರೆ, ಪಕ್ಕದವನ ಜೊತೆ ಜಗಳ ಕಾಯುತ್ತಾರೆ, ಕೋಪ ಹಾಗೇ ಮಾಗುತ್ತದೆ.

ಇದು ಅಲುಗಾಡಿದ್ದು 90ರ ದಶಕದ ಶುರುವಿನಲ್ಲಿ. ಲೂಚಾ ಮತ್ತೆ ದೊಡ್ಡದಾಗಿ ಟೀವಿಗೆ ಬಂತು. 1992ರಲ್ಲಿ ಆಂಟೋನಿಯೊ ಪೆನ್ಯಾ ಅನ್ನುವವರು ಸಿಎಂಎಲ್‌ಎಲ್ ಬಿಟ್ಟು, ಹುಡುಗರನ್ನು ಕಟ್ಟಿಕೊಂಡು ಟ್ರಿಪಲ್ ಎ ಸಂಸ್ಥೆ ಶುರು ಮಾಡಿದರು. ಬಣ್ಣ, ವೇಷ, ವೇಗ ಎಲ್ಲ ಜಾಸ್ತಿಯಾಯಿತು. ಮನೆಯಲ್ಲಿ ಕೂತವನಿಗೆ ಕೈ ತಿರುಚುವ ಪಟ್ಟಿನ ನೋವು ಅಷ್ಟಾಗಿ ಮುಟ್ಟುವುದಿಲ್ಲ, ಜಿಗಿತ ತಕ್ಷಣ ಮುಟ್ಟುತ್ತದೆ. ಅಲ್ಲಿ ಬೆಳೆದ ರೇ ಮಿಸ್ಟೀರಿಯೊ ಥರದ ಹುಡುಗರು 90ರ ದಶಕದ ನಡುವಿನಲ್ಲಿ ಅಮೆರಿಕದ ಕುಸ್ತಿ ಸಂಸ್ಥೆಗಳಿಗೆ ಹೋದಾಗ ಸಿಕ್ಕಿದ್ದು ಒಂದೇ ಸುತ್ತು, ಕೆಲವೇ ನಿಮಿಷ, ರೂಡೊ ಯಾರು ಟೆಕ್ನಿಕೊ ಯಾರು ಅಂತ ಗೊತ್ತಿಲ್ಲದ ಪ್ರೇಕ್ಷಕರು. ಮೂರು ಸುತ್ತಿಗೆ ಹರಡಬೇಕಾದ್ದನ್ನೆಲ್ಲ ಅವರು ಆ ಕೆಲವೇ ನಿಮಿಷಕ್ಕೆ ತುರುಕಿದರು, ಜನ ಹುಚ್ಚೆದ್ದು ಹೋದರು. ಅದನ್ನು ನೋಡಿದ ಮೆಕ್ಸಿಕೋದ ಮುಂದಿನ ಪೀಳಿಗೆ ಅದನ್ನೇ ಕೇಳಲು ಶುರು ಮಾಡಿತು. ಈಗ ಟ್ರಿಪಲ್ ಎಯಲ್ಲಿ ಒಂದು ಸುತ್ತೇ ಮಾಮೂಲಿ. ಸಿಎಂಎಲ್‌ಎಲ್ ಹಳೆಯ ಪದ್ಧತಿಯನ್ನು ತುಂಬಾ ಕಾಲ ಹಿಡಿದುಕೊಂಡಿತ್ತು, ಅಲ್ಲೂ ಒಂದು ಸುತ್ತಿನ ಪಂದ್ಯಗಳು ಸೇರಿಕೊಂಡಿವೆ. ಹತ್ತು ನಿಮಿಷದ ಮಿತಿ ಇರುವ 'ರೆಲಾಂಪಗೊ' ಅಂದರೆ ಮಿಂಚಿನ ಪಂದ್ಯ ಅನ್ನುವುದೂ ಅಲ್ಲಿದೆ.

ಮುಂಬೈನಲ್ಲಿರುವ ನಮಗೆ ಇದು ಹೊಸದೇನಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಯಕ್ಷಗಾನ ಇಲ್ಲಿನ ಹಾಲ್‌ಗಳಲ್ಲಿ ಕಡೆಯ ಲೋಕಲ್ ಹೊರಡುವುದರೊಳಗೆ ಮುಗಿಯಬೇಕು. ಕಾಲಮಿತಿಯ ಆಟದಲ್ಲಿ ಒಡ್ಡೋಲಗ ಚಿಕ್ಕದಾಗುತ್ತದೆ, ಪದ್ಯಗಳು ಕಡಿಮೆಯಾಗುತ್ತವೆ, ಯುದ್ಧ ಮಾತ್ರ ಉಳಿಯುತ್ತದೆ. ಒಳ್ಳೆಯ ಭಾಗವತರು ಏನನ್ನು ಬಿಟ್ಟರೂ ಆ ಯುದ್ಧಕ್ಕೆ ಕಾರಣ ಏನು ಅನ್ನುವುದನ್ನು ಬಿಡುವುದಿಲ್ಲ. ಒಳ್ಳೆಯ ಲೂಚಾಡೋರ್, ಅಂದರೆ ಲೂಚಾ ಕುಸ್ತಿಪಟು, ಮಾಡುವುದೂ ಅದನ್ನೇ. ನಿಮ್ಮ ಮಗನ ಜೊತೆ ಮುಂದಿನ ಸಲ ನೋಡುವಾಗ ಗಮನಿಸಿ: ಒಂದೇ ಸುತ್ತಿನ ಒಳಗೂ ಅನ್ಯಾಯದ ಭಾಗ, ತಿರುಗಿ ಬೀಳುವ ಭಾಗ, ತೀರ್ಮಾನದ ಭಾಗ ಅಂತ ಮೂರು ಸಿಗುತ್ತದಾ ನೋಡಿ. ಸಿಕ್ಕರೆ ಅದು ಒಳ್ಳೆಯ ಪಂದ್ಯ. ಬರೀ ಜಿಗಿತದ ಮೇಲೆ ಜಿಗಿತ ಇದ್ದರೆ ನೀವು ಬೇಸರಪಡುವುದು ನ್ಯಾಯವೇ, ನಾನೂ ನಿಮ್ಮ ಪಕ್ಷ.

ಪ್ರಶ್ನೆ: ನಾನು ಹಡಗಿನಲ್ಲಿ ಕೆಲಸ ಮಾಡುವವನು. ರಜೆಯಲ್ಲಿ ಗೆಳೆಯರ ಜೊತೆ ಮೆಕ್ಸಿಕೋ ಸಿಟಿಗೆ ಹೋಗಿ ಅರೇನಾ ಮೆಕ್ಸಿಕೋದಲ್ಲಿ ಪಂದ್ಯ ನೋಡಿದೆ. ನಮ್ಮ ಸುತ್ತ ಬರೀ ವಿದೇಶಿ ಟೂರಿಸ್ಟ್‌ಗಳು. ಜಿಗಿತಕ್ಕೆ ಮಾತ್ರ ಕೂಗುತ್ತಿದ್ದರು. ನಾನು ಖುಷಿಯಿಂದ ಸಿಳ್ಳೆ ಹೊಡೆದರೆ ಹಿಂದಿನ ಸಾಲಿನ ಅಜ್ಜಿ ಕೆಕ್ಕರಿಸಿ ನೋಡಿದರು! ನಮ್ಮಂಥವರಿಗಾಗಿ ಅವರು ಆಟ ಬದಲಾಯಿಸುತ್ತಾರಾ? (ವಾಸ್ಕೊ, ಗೋವಾ)

ಅಜ್ಜಿ ಕೆಕ್ಕರಿಸಿದ್ದಕ್ಕೆ ಕಾರಣ ಇದೆ. ನಮ್ಮಲ್ಲಿ ಸಿಳ್ಳೆ ಅಂದರೆ ಮೆಚ್ಚುಗೆ. ಮೆಕ್ಸಿಕೋದಲ್ಲಿ ಸಿಳ್ಳೆ ಹೊಡೆದರೆ ಛೀ ಥೂ ಅಂದ ಹಾಗೆ. ನೀವು ಅವರ ನೆಚ್ಚಿನವನಿಗೆ ಸಿಳ್ಳೆ ಹೊಡೆದಿರಬೇಕು. ಅಲ್ಲಿ ಪಂದ್ಯ ನಿಜವಾಗಿ ಮನಸ್ಸಿಗೆ ಹಿಡಿಸಿದರೆ ಜನ ರಿಂಗ್‌ಗೆ ನಾಣ್ಯ, ನೋಟು ಎಸೆಯುತ್ತಾರೆ.

ನಿಮ್ಮ ಪ್ರಶ್ನೆಗೆ ಬಂದರೆ, ಹೌದು, ಬದಲಾಯಿಸುತ್ತಾರೆ. ಅರೇನಾ ಮೆಕ್ಸಿಕೋ 1956ರಲ್ಲಿ ಕಟ್ಟಿದ್ದು, ಸುಮಾರು 16,000 ಜನ ಹಿಡಿಸುತ್ತದೆ. ಅಲ್ಲಿ ವಾರದಲ್ಲಿ ಒಂದಕ್ಕಿಂತ ಹೆಚ್ಚು ದಿನ ಪಂದ್ಯ, ಶುಕ್ರವಾರದ್ದು ದೊಡ್ಡದು. ಎಷ್ಟೋ ವರ್ಷದಿಂದ ಬರುತ್ತಿರುವ ಮನೆಮಂದಿ ಒಂದು ಕಡೆ, ಮೊದಲ ಸಲ ಮುಖವಾಡ ಕೊಂಡು ಹಾಕಿಕೊಂಡು ಕೂತ ಟೂರಿಸ್ಟ್ ಇನ್ನೊಂದು ಕಡೆ. ಹಳಬರಿಗೆ ಕಣದಲ್ಲಿರುವ ಇಬ್ಬರ ನಡುವಿನ ಹಗೆ ಯಾವಾಗಿನದು ಅಂತ ಗೊತ್ತು, ಒಂದು ಮುಖಭಾವ ಸಾಕು. ಹೊಸಬರಿಗೆ ಏನೂ ಗೊತ್ತಿಲ್ಲ, ಅವರಿಗೆ ಎಲ್ಲವನ್ನೂ ಕಣ್ಣಿಗೆ ಕಾಣುವಂತೆ ಮಾಡಿ ತೋರಿಸಬೇಕು. ಅದಕ್ಕೇ ಬುದ್ಧಿವಂತ ರೂಡೊ ಗಂಟೆ ಹೊಡೆಯುವ ಮೊದಲೇ ಪ್ರೇಕ್ಷಕರ ಜೊತೆ ಜಗಳ ತೆಗೆಯುತ್ತಾನೆ, ಕೈ ಕುಲುಕಲು ಬಂದವನ ಕಪಾಳಕ್ಕೆ ಬಾರಿಸುತ್ತಾನೆ. ಭಾಷೆ ಬೇಡ, ಹಿನ್ನೆಲೆ ಬೇಡ, ಇವನು ಕೆಟ್ಟವನು ಅಂತ ವಾಸ್ಕೊದಿಂದ ಹೋದವರಿಗೂ ಗೊತ್ತಾಗುತ್ತದೆ.

ಜನ ಬಯಸಿದ್ದಕ್ಕೆ ಆಟಗಾರ ಬಗ್ಗುವುದು ಈಗಿನ ಕಾಲದ ಕಾಯಿಲೆ ಅಂತ ಯಾರಾದರೂ ಹೇಳಿದರೆ ಎಲ್ ಸಾಂತೊ ಕಥೆ ಹೇಳಿ. ಬೆಳ್ಳಿ ಮುಖವಾಡದ ಆ ಮಹಾನುಭಾವ 1942ರಲ್ಲಿ ಆ ಹೆಸರಿನಲ್ಲಿ ಕಣಕ್ಕಿಳಿದಾಗ ರೂಡೊ. 1952ರಲ್ಲಿ ಬ್ಲ್ಯಾಕ್ ಶ್ಯಾಡೋ ಅನ್ನುವ ಇನ್ನೊಬ್ಬ ಕುಸ್ತಿಪಟುವಿನ ಮುಖವಾಡವನ್ನು ಪಣದ ಪಂದ್ಯದಲ್ಲಿ ಗೆದ್ದುಕೊಂಡಾಗಲೂ ರೂಡೊನೇ. ಆದರೆ ಅದೇ ವರ್ಷ ಅವನ ಕಾಮಿಕ್ಸ್ ಬಂತು, ಆಮೇಲೆ ಸಿನಿಮಾ ಬಂತು, ಅಲ್ಲೆಲ್ಲ ಅವನು ಬಡವರನ್ನು ಕಾಪಾಡುವ ವೀರ. ಮಕ್ಕಳು ಅವನನ್ನು ಹಾಗೇ ನೋಡಲು ಬಯಸಿದರು. 1962ರಲ್ಲಿ ಅವನು ಟೆಕ್ನಿಕೊ ಆದ. ಇಪ್ಪತ್ತು ವರ್ಷ ಹೊಡೆದು, ಕಚ್ಚಿ, ಮುಖವಾಡ ಹರಿದು ಕಟ್ಟಿದ ಪಂದ್ಯವನ್ನು ಬಿಟ್ಟು, ಹೊಡೆತ ತಿಂದು ಮೇಲೇಳುವ ಪಂದ್ಯ ಕಟ್ಟಿದ. ಅವನನ್ನು ನಾನು ದೊಡ್ಡ ಕಲಾವಿದ ಅನ್ನುವುದು ಅದಕ್ಕೇ. 1984ರಲ್ಲಿ ತೀರಿಕೊಂಡಾಗ ಮುಖವಾಡದ ಸಮೇತವೇ ಮಣ್ಣು ಮಾಡಿದರು.

ಪ್ರಶ್ನೆ: ನಮ್ಮ ಅಜ್ಜ ಮುಂಬೈನಲ್ಲಿ ದಾರಾ ಸಿಂಗ್, ಕಿಂಗ್ ಕಾಂಗ್ ಫ್ರೀಸ್ಟೈಲ್ ಕುಸ್ತಿ ನೋಡಿದವರು. ಅದೂ ಇದೂ ಒಂದೇನಾ? (ಮಾಟುಂಗಾ)

ಮೂಲ ಒಂದೇ, ರುಚಿ ಬೇರೆ. ದಾರಾ ಸಿಂಗ್ ಕುಸ್ತಿ ಅಂದರೆ ದೈತ್ಯ ವಿದೇಶಿ, ನಮ್ಮ ಹುಡುಗ, ಕೊನೆಗೆ ನಮ್ಮವನ ಗೆಲುವು. ಅಲ್ಲಿ ಗೆಲ್ಲುವುದು ಮುಖ್ಯ, ಹಾರಾಟ ಇಷ್ಟಿಲ್ಲ. ಅಜ್ಜನ ಹತ್ತಿರ ಆ ಕಾಲದ ಟಿಕೆಟ್ಟು, ಪೋಸ್ಟರ್ ಏನಾದರೂ ಉಳಿದಿದ್ದರೆ ದಯವಿಟ್ಟು ಫೋಟೊ ಕಳಿಸಿ, ಪ್ರಕಟಿಸೋಣ.

ಪ್ರಶ್ನೆ: ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನವಾಗಿರುತ್ತದೆ ಅಂದಮೇಲೆ ಜನರ ಮನಸ್ಸು ನೋಡಿ ಪಂದ್ಯ ಬದಲಾಯಿಸುವುದು ಹೇಗೆ? ಎಲ್ಲ ಬಾಯಿಪಾಠ ಅಲ್ವಾ? (ಪಿಂಪ್ರಿ, ಪುಣೆ)

ಕೊನೆ ಗೊತ್ತಿರುತ್ತದೆ. ಅಲ್ಲಿಗೆ ಹೋಗುವ ದಾರಿ ಪೂರ್ತಿ ಗೊತ್ತಿರಬೇಕಾಗಿಲ್ಲ. ಹಿರಿಯ ಲೂಚಾಡೋರ್‌ಗಳು ಒಬ್ಬರಿಗೊಬ್ಬರು ಪಟ್ಟಿನಲ್ಲಿದ್ದಾಗಲೇ ಕಿವಿಯಲ್ಲಿ ಮುಂದಿನದನ್ನು ಹೇಳಿಕೊಳ್ಳುತ್ತಾರೆ, ಎಷ್ಟೋ ಸಲ ರೆಫರಿ ಮೂಲಕ ಸುದ್ದಿ ದಾಟುತ್ತದೆ. ಕಿವಿ ಯಾವಾಗಲೂ ಪ್ರೇಕ್ಷಕರ ಕಡೆ.

ಒಂದು ಉದಾಹರಣೆ ಕೊಡುತ್ತೇನೆ, ಮೂವರು ವಿರುದ್ಧ ಮೂವರ ಪಂದ್ಯದ್ದು. ಮೆಕ್ಸಿಕೋದಲ್ಲಿ ಅತಿ ಹೆಚ್ಚು ನಡೆಯುವುದು ಇದೇ. ಪ್ರತಿ ತಂಡಕ್ಕೆ ಒಬ್ಬ ಕ್ಯಾಪ್ಟನ್. ಸುತ್ತು ಗೆಲ್ಲಬೇಕಾದರೆ ಕ್ಯಾಪ್ಟನ್‌ನನ್ನು ಕೆಡವಬೇಕು, ಇಲ್ಲ ಉಳಿದಿಬ್ಬರನ್ನೂ ಕೆಡವಬೇಕು. ಒಳಗಿದ್ದವನು ರಿಂಗ್‌ನಿಂದ ಕೆಳಗೆ ಉರುಳಿದರೆ ಸಾಕು, ಕೈ ಮುಟ್ಟಿಸದೆಯೇ ಜೊತೆಗಾರ ಒಳಗೆ ಬರಬಹುದು. ಹಾಗಾಗಿ ಆಟ ಎಲ್ಲೂ ನಿಲ್ಲುವುದಿಲ್ಲ, ಯಾರು ಯಾವಾಗ ಬೇಕಾದರೂ ಬರಬಹುದು. ಬದಲಾವಣೆಗೆ ಇದಕ್ಕಿಂತ ಅನುಕೂಲದ ನಿಯಮ ಇನ್ನೊಂದಿಲ್ಲ.

ಈಗ ಜನ ಸಪ್ಪಗಿದ್ದಾರೆ ಅಂದುಕೊಳ್ಳಿ. ರೂಡೊ ಏನು ಮಾಡುತ್ತಾನೆ? ಟೆಕ್ನಿಕೊನ ಮುಖವಾಡದ ಹಿಂದೆ ಬೂಟಿನ ಹಾಗೆ ಲೇಸ್ ಕಟ್ಟಿರುತ್ತದೆ. ಅದಕ್ಕೆ ಬೆರಳು ಹಾಕುತ್ತಾನೆ. ನಿಧಾನವಾಗಿ, ರೆಫರಿಗೆ ಬೆನ್ನು ಮಾಡಿ, ಒಂದೊಂದೇ ತೂತಿನಿಂದ ಲೇಸ್ ಬಿಚ್ಚುತ್ತಾನೆ. ಮುಖವಾಡ ಕಿತ್ತರೆ ಅವನೇ ಅನರ್ಹನಾಗುತ್ತಾನೆ, ಅದು ಎಲ್ಲರಿಗೂ ಗೊತ್ತು, ಆದರೂ ಮೈ ಉರಿಯುತ್ತದೆ. ಟೆಕ್ನಿಕೊ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡು ಇನ್ನೊಂದೇ ಕೈಯಲ್ಲಿ ಹೊಡೆದಾಡಬೇಕು. ಮಕ್ಕಳು ಕುರ್ಚಿ ಮೇಲೆ ಹತ್ತಿ ಕಿರುಚುತ್ತಾರೆ. ಇಷ್ಟಕ್ಕೆ ಒಂದು ಜಿಗಿತವೂ ಬೇಕಾಗಲಿಲ್ಲ, ಜೊತೆಗೆ ಉಳಿದ ನಾಲ್ವರಿಗೆ ಉಸಿರು ತೆಗೆದುಕೊಳ್ಳಲು ಬಿಡುವೂ ಸಿಕ್ಕಿತು.

ಕೊನೆಯ ಹಂತದಲ್ಲಿ ಜಿಗಿತಗಳು ಒಂದರ ಹಿಂದೆ ಒಂದು ಬರುತ್ತವಲ್ಲ, ಅದಕ್ಕೂ ಕೆಲಸ ಇದೆ. ಒಬ್ಬ ಹಗ್ಗಗಳ ನಡುವೆ ತಲೆ ಮುಂದಾಗಿ ಹೊರಗಿದ್ದವನ ಮೇಲೆ ಹಾರುತ್ತಾನೆ, ಅವರಿಬ್ಬರೂ ಹೊರಗೇ ಬಿದ್ದಿರುತ್ತಾರೆ. ಇನ್ನೊಬ್ಬ ಮೇಲಿನ ಹಗ್ಗದಿಂದ ಹಾರುತ್ತಾನೆ, ಆ ಜೋಡಿಯೂ ಖಾಲಿ. ಒಳಗೆ ಉಳಿದವರು ಇಬ್ಬರು ಕ್ಯಾಪ್ಟನ್‌ಗಳು ಮಾತ್ರ. ಜಿಗಿತ ಕಣವನ್ನು ಗುಡಿಸಿ ಕೊಟ್ಟಿತು, ಈಗ ತೀರ್ಮಾನ ಆಗಬಹುದು. ಇವತ್ತಿನ ಪಂದ್ಯಗಳಲ್ಲಿ ನನಗೆ ಸರಿಬೀಳದಿರುವುದು ಇದೊಂದೇ: ಆ ಜಿಗಿತಗಳನ್ನು ಮೂರನೇ ನಿಮಿಷಕ್ಕೇ ಕೊಟ್ಟುಬಿಡುತ್ತಾರೆ, ಆಮೇಲೆ ಎದ್ದು ಬಂದು ಏನೂ ಆಗಿಲ್ಲವೆಂಬಂತೆ ಮತ್ತೆ ಕೈ ಕೈ ಹಿಡಿಯುತ್ತಾರೆ. ಕೇಳಿದ್ದನ್ನು ಕೊಡಬೇಕು, ಆದರೆ ಸ್ವಲ್ಪ ಕಾಯಿಸಿ ಕೊಡಬೇಕು.

ಪ್ರಶ್ನೆ: ನನ್ನ ಹನ್ನೆರಡು ವರ್ಷದ ಮಗಳು ಇಲ್ಲೇ ತಾಲೀಮಿಗೆ ಕುಸ್ತಿ ಕಲಿಯಲು ಹೋಗುತ್ತಾಳೆ. ಈ ವಿಡಿಯೋ ನೋಡಿ ಸೋಫಾ ಮೇಲಿಂದ ತಮ್ಮನ ಮೇಲೆ ಹಾರುತ್ತಾಳೆ. ಹೆದರಿಕೆಯಾಗುತ್ತದೆ. ನೋಡುವುದನ್ನೇ ನಿಲ್ಲಿಸಲಾ? (ಕೊತ್ರೂಡ್, ಪುಣೆ)

ನೋಡುವುದನ್ನು ನಿಲ್ಲಿಸಬೇಡಿ ಅಮ್ಮ. ಹಾರುವುದನ್ನು ಮಾತ್ರ ಇವತ್ತೇ ನಿಲ್ಲಿಸಿ.

ಅವಳಿಗೆ ಅರ್ಥವಾಗುವ ಹಾಗೆ ಹೇಳಿ: ಹಾರುವವನಿಗಿಂತ ಹಿಡಿಯುವವನ ಕೆಲಸ ಕಷ್ಟ. ಕೆಳಗೆ ನಿಂತ ಎದುರಾಳಿ ಕೈ ಚಾಚಿ, ಎದೆಗೆ ಎದೆ ಕೊಟ್ಟು, ಹಾರಿ ಬಂದವನ ತಲೆ ನೆಲಕ್ಕೆ ತಾಗದಂತೆ ತಾನು ಹಿಂದಕ್ಕೆ ಬೀಳುತ್ತಾನೆ. ಅದನ್ನು ಇಬ್ಬರೂ ವರ್ಷಗಟ್ಟಲೆ ಕಲಿತಿರುತ್ತಾರೆ. ಅವಳ ತಮ್ಮ ಕಲಿತಿಲ್ಲ. ಮೆಕ್ಸಿಕೋ ಸಿಟಿಯಲ್ಲಿ ಈ ಆಟ ಆಡಲು ಪರೀಕ್ಷೆ ಪಾಸಾಗಿ ಲೈಸೆನ್ಸ್ ತೆಗೆದುಕೊಳ್ಳಬೇಕು. ಗ್ವಾಡಲಹಾರಾದ ಹೆಸರಾಂತ ಗುರು ಡಯಾಬ್ಲೊ ವೆಲಾಸ್ಕೊ ಅವರಂಥವರ ಗರಡಿಯಲ್ಲಿ ನೆಲದ ಕುಸ್ತಿ ಪಳಗದೆ ಮುಂದಕ್ಕೆ ಹೋಗುವ ಹಾಗೇ ಇರಲಿಲ್ಲ.

ಇಷ್ಟೆಲ್ಲ ಕಲಿತವರಿಗೂ ಅಪಾಯ ತಪ್ಪಿದ್ದಲ್ಲ. ಟ್ರಿಪಲ್ ಎಯ ಲೂಚಾಡೋರ್ ಲಾ ಪಾರ್ಕಾ 2019ರ ಅಕ್ಟೋಬರ್‌ನಲ್ಲಿ ಮಾಂಟೆರ್ರೇಯಲ್ಲಿ ಹಗ್ಗಗಳ ನಡುವಿನಿಂದ ಹೊರಗೆ ಹಾರುವಾಗ ಲೆಕ್ಕ ತಪ್ಪಿ ತಲೆ ಕುತ್ತಿಗೆಗೆ ಪೆಟ್ಟಾಯಿತು. 2020ರ ಜನವರಿಯಲ್ಲಿ ತೀರಿಕೊಂಡರು. ಅವರು ಹೊಸ ಹುಡುಗ ಅಲ್ಲ, ದಶಕಗಳ ಅನುಭವ ಇದ್ದವರು. ಜನ ಜಿಗಿತ ಕೇಳುತ್ತಾರೆ, ಆಟಗಾರ ಕೊಡುತ್ತಾನೆ, ವಯಸ್ಸಾದ ಮೇಲೂ ಕೊಡುತ್ತಲೇ ಇರುತ್ತಾನೆ. ಈ ಬದಲಾದ ಪಂದ್ಯದ ಬೆಲೆ ಕಟ್ಟುವಾಗ ಇದನ್ನೂ ಸೇರಿಸಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ.

ಮಗಳಿಗೆ ಹಳೆಯ ಮೂರು ಸುತ್ತಿನ ಪಂದ್ಯಗಳನ್ನು ಹುಡುಕಿ ತೋರಿಸಿ, ಅದರಲ್ಲೂ ಮೊದಲ ಸುತ್ತು. ಅಲ್ಲಿನ ಎಷ್ಟೋ ಪಟ್ಟುಗಳು ಅವಳು ತಾಲೀಮಿನಲ್ಲಿ ಕಲಿಯುವುದಕ್ಕೆ ತುಂಬಾ ಹತ್ತಿರ. ಒಂದನ್ನು ಆರಿಸಿಕೊಂಡು ಹೋಗಿ ವಸ್ತಾದರಿಗೆ ತೋರಿಸಲಿ, ಇದನ್ನು ಬಿಡಿಸಿಕೊಳ್ಳುವುದು ಹೇಗೆ ಅಂತ ಕೇಳಲಿ. ಅವರು ಏನು ಹೇಳಿದರು ಅಂತ ನನಗೂ ಬರೆದು ತಿಳಿಸಿ.